ಅಪ್ಪನ ಹತ್ಯಾರು ಪೆಟ್ಟಿಗೆ: ಒರೆಸುವ ಮೊದಲು ಓದಿ

ಅಪ್ಪ ಹೋಗಿ ಎರಡು ತಿಂಗಳಾದ ಮೇಲೆ ಅವರ ಹತ್ಯಾರು ಪೆಟ್ಟಿಗೆ ತೆರೆದೆ. ಎಲ್ಲದರ ಮೇಲೂ ಧೂಳು, ಎಣ್ಣೆ ಜಿಡ್ಡು, ಅಲ್ಲಲ್ಲಿ ತುಕ್ಕು. ಸುಮ್ನೆ ಕೂತಿರಲು ಆಗಲಿಲ್ಲ. ಒಂದು ಹಳೇ ಬಟ್ಟೆ ಹಿಡಿದು ಒಂದೊಂದನ್ನೇ ಒರೆಸುತ್ತಾ ಹೋದೆ. ರಸಮಟ್ಟದ ಸರದಿ ಬಂತು. ಎರಡಡಿ ಉದ್ದದ ಮರದ ಪಟ್ಟಿ, ನಡುವೆ ಗಾಜಿನ ಕೊಳವೆ, ಅದರೊಳಗೆ ಗುಳ್ಳೆ. ಇಟ್ಟ ಜಾಗ ಸಮತಟ್ಟಾಗಿದ್ದರೆ ಗುಳ್ಳೆ ನಡುವೆ ನಿಲ್ಲಬೇಕು. ಒಂದು ತುದಿಯ ಅಡಿಯಲ್ಲಿ ಕಪ್ಪು ಇನ್ಸುಲೇಷನ್ ಟೇಪ್ ಪದರ ಪದರವಾಗಿ ಅಂಟಿತ್ತು. ಅಂಚು ಎದ್ದು, ಮಣ್ಣು ಹಿಡಿದು ಗಲೀಜಾಗಿತ್ತು. ಉಗುರಿನಿಂದ ಕೆರೆದು ಕಿತ್ತೆ. ಉಳಿದ ಅಂಟನ್ನು ಸೀಮೆಎಣ್ಣೆ ಹಾಕಿ ತೆಗೆದೆ. ಹೊಸದರ ಹಾಗೆ ಕಂಡಿತು.

ಒಂದು ವರ್ಷ ಕಳೆದು ಅದೇ ರಸಮಟ್ಟ ಇಟ್ಟು ಗೋಡೆಗೆ ಹಲಗೆ ಹೊಡೆದೆ. ಗುಳ್ಳೆ ಸರಿಯಾಗಿ ನಡುವೆಯೇ ನಿಂತಿತ್ತು. ಆದರೆ ಹಲಗೆಯ ಮೇಲೆ ಗೋಲಿ ಇಟ್ಟಾಗಲೆಲ್ಲ ಅದು ಎಡಕ್ಕೇ ಓಡಿತು. ಆಮೇಲೆ ತಿಳಿಯಿತು ಆ ಟೇಪ್ ಅಲ್ಲಿ ಯಾಕಿತ್ತು ಅಂತ. ಗಾಜಿನ ಕೊಳವೆ ಯಾವಾಗಲೋ ಒಂಚೂರು ಜರುಗಿದೆ. ಹೊಸ ರಸಮಟ್ಟ ಕೊಳ್ಳುವ ಬದಲು ಅಪ್ಪ ಬೇಕಾದಷ್ಟು ದಪ್ಪಕ್ಕೆ ಟೇಪ್ ಅಂಟಿಸಿ ಸರಿಮಾಡಿಕೊಂಡಿದ್ದರು. ಕೊಳೆ ಅಂದುಕೊಂಡು ನಾನು ಕಿತ್ತು ಬಿಸಾಕಿದ್ದು ಅವರು ಮಾಡಿದ ರಿಪೇರಿಯನ್ನು.

ನೀವು ಅದೇ ತಪ್ಪು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಮರಗೆಲಸ ಮತ್ತು ರಿಪೇರಿ ಕೆಲಸದವು, ಯಾಕೆಂದರೆ ನನಗೆ ಗೊತ್ತಿರುವುದು ಅಷ್ಟೇ. ನಿಮ್ಮಪ್ಪ ದರ್ಜಿಯಾಗಿದ್ದರೆ ಕತ್ತರಿ, ರೇಡಿಯೋ ರಿಪೇರಿ ಮಾಡುತ್ತಿದ್ದರೆ ಸಾಲ್ಡರಿಂಗ್ ಕಬ್ಬಿಣ, ಹೊಲದಲ್ಲಿ ದುಡಿದವರಾಗಿದ್ದರೆ ಕುಡುಗೋಲು. ಕ್ರಮ ಒಂದೇ: ನೋಡು, ಬರೆದಿಡು, ಕೇಳು, ಆಮೇಲೆ ಮುಟ್ಟು.

ಮೊದಲ ದಿನ: ಕೈ ಕಟ್ಟಿಕೊಂಡು ನೋಡಿ

ಪೆಟ್ಟಿಗೆ ತೆರೆದ ತಕ್ಷಣ ಏನನ್ನೂ ಎತ್ತಬೇಡಿ. ಇದ್ದದ್ದು ಇದ್ದ ಹಾಗೆ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಮೇಲಿನ ಪದರ ಎತ್ತಿ ಪಕ್ಕಕ್ಕಿಟ್ಟು ಮತ್ತೊಂದು. ಹೀಗೆ ತಳದವರೆಗೆ. ಯಾವುದು ಮೇಲಿತ್ತು, ಯಾವುದು ಯಾವುದರ ಪಕ್ಕದಲ್ಲಿತ್ತು ಅನ್ನುವುದು ಮುಖ್ಯ. ಮೇಲಿದ್ದದ್ದು ಅವರು ಕೊನೆಗೆ ಬಳಸಿದ್ದು. ಜೊತೆಯಲ್ಲಿದ್ದವು ಒಂದೇ ಕೆಲಸಕ್ಕೆ ಬೇಕಾಗುತ್ತಿದ್ದವು. ಒಮ್ಮೆ ಎಲ್ಲವನ್ನೂ ನೆಲಕ್ಕೆ ಸುರಿದರೆ ಈ ವಿಷಯ ಮತ್ತೆ ಸಿಗುವುದಿಲ್ಲ.

ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರೆ ಇಡೀ ಗೋಡೆಯ ಫೋಟೋ ತೆಗೆಯಿರಿ. ಹತ್ಯಾರು ತೆಗೆದ ಮೇಲೂ ಒಂದು ತೆಗೆಯಿರಿ. ವರ್ಷಗಟ್ಟಲೆ ನೇತಾಡಿದ ಜಾಗದಲ್ಲಿ ಗೋಡೆಯ ಬಣ್ಣ ಮಾಸದೆ ಅದರ ಆಕಾರ ಉಳಿದಿರುತ್ತದೆ.

ಆಮೇಲೆ ಒಂದೊಂದನ್ನೇ ಮೇಜಿನ ಮೇಲಿಟ್ಟು ಟಾರ್ಚನ್ನು ಪಕ್ಕದಿಂದ, ಮೇಜಿಗೆ ತಾಗಿಸಿದ ಹಾಗೆ ಹಿಡಿದು ನೋಡಿ. ಮೇಲಿನಿಂದ ಬೆಳಕು ಬಿದ್ದರೆ ಕಾಣದ ಗೀರು, ಕೊರೆದ ಅಕ್ಷರ, ಬೆರಳಿನ ತಗ್ಗು ಎಲ್ಲ ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಫೋಟೋದಲ್ಲಿ ಪಕ್ಕಕ್ಕೊಂದು ಅಡಿಕೋಲು ಇಡಿ, ಗಾತ್ರ ತಿಳಿಯುತ್ತದೆ.

ಈ ಹಂತದಲ್ಲಿ ಏನನ್ನೂ ಎಸೆಯಬೇಡಿ. ಅದರಲ್ಲೂ ಕಸದಂತೆ ಕಾಣುವ ಮರದ ತುಂಡುಗಳನ್ನು. ತೂತು ಕೊರೆದ, ಪೆನ್ಸಿಲ್ ಗೆರೆ ಎಳೆದ, ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದ ತುಂಡು ಬಹುಶಃ ಅಳತೆಯ ಅಚ್ಚು. ಒಂದೇ ಅಂತರದಲ್ಲಿ ಹತ್ತು ತೂತು ಕೊರೆಯಲು, ಒಂದೇ ಓರೆಯಲ್ಲಿ ಇಪ್ಪತ್ತು ಪಟ್ಟಿ ಕತ್ತರಿಸಲು ಕೆಲಸಗಾರರು ಇಂಥವನ್ನು ಮಾಡಿಟ್ಟುಕೊಳ್ಳುತ್ತಾರೆ. ಮುರಿದ ಗರಗಸದ ಅಲಗಿಗೆ ಬಟ್ಟೆ ಸುತ್ತಿ ಮಾಡಿದ ಚಾಕು, ಸೈಕಲ್ ಚಕ್ರದ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆ ಕೂಡ ಹಾಗೆಯೇ. ಅಂಗಡಿಯಲ್ಲಿ ತಂದ ಹತ್ಯಾರಿನಲ್ಲಿ ಅಪ್ಪನ ಕೈ ಇರುತ್ತದೆ. ಇವುಗಳಲ್ಲಿ ತಲೆಯೂ ಇರುತ್ತದೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಮೊದಲು ಗುಜರಿಗೆ ಹೋಗುವುದೂ ಇವೇ. ಒಂದು ಡಬ್ಬಕ್ಕೆ ಹಾಕಿ, "ಗೊತ್ತಿಲ್ಲ" ಅಂತ ಚೀಟಿ ಅಂಟಿಸಿ, ಆರು ತಿಂಗಳು ಪಕ್ಕಕ್ಕಿಡಿ.

ಸವೆತ ಓದುವುದು

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ತುಕ್ಕು ಯಾರ ಹತ್ಯಾರಿಗಾದರೂ ಹಿಡಿಯುತ್ತದೆ, ಅದು ಗಾಳಿ ಮತ್ತು ನೀರಿನ ಕೆಲಸ. ಸವೆತ ಮಾತ್ರ ಒಬ್ಬ ಮನುಷ್ಯನದು. ಹಾಗಾಗಿ ತುಕ್ಕು ತೆಗೆಯಬಹುದು, ಸವೆತ ತೆಗೆಯಬಾರದು. ಮುಂದೆ ಹೇಳುವ ಎಲ್ಲ ಕೆಲಸಕ್ಕೂ ನಾನು ಇಟ್ಟುಕೊಂಡಿರುವ ಅಳತೆ ಇದೊಂದೇ.

ಉಳಿಗಳಿಂದ ಶುರುಮಾಡಿ. ಒಂದೇ ಸೆಟ್ಟಿನ ಉಳಿಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಪ್ರತಿ ಸಲ ಸಾಣೆ ಹಿಡಿದಾಗಲೂ ಉಕ್ಕು ಸ್ವಲ್ಪ ಸ್ವಲ್ಪ ಕರಗುತ್ತದೆ. ಎಲ್ಲದಕ್ಕಿಂತ ಗಿಡ್ಡಗಾಗಿರುವುದೇ ಅವರ ಮೆಚ್ಚಿನ ಉಳಿ. ಇನ್ನು ಉದ್ದವಾಗಿಯೇ ಉಳಿದಿರುವುದು ಆಸೆಪಟ್ಟು ಕೊಂಡು ಹೆಚ್ಚು ಬಳಸದೇ ಇದ್ದದ್ದು. ಅಂಚು ನೇರವಾಗಿರದೆ ಒಂದು ಕಡೆಗೆ ಓರೆಯಾಗಿದೆಯಾ? ಸಾಣೆ ಹಿಡಿಯುವಾಗ ಆ ಕಡೆಯ ಬೆರಳು ಜಾಸ್ತಿ ಒತ್ತುತ್ತಿತ್ತು ಅಂತ ಅರ್ಥ.

ಸಾಣೆಕಲ್ಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ. ನಡುವೆ ತಗ್ಗಾಗಿದ್ದರೆ ಇಡೀ ಕಲ್ಲನ್ನು ಬಳಸದೆ ನಡುಭಾಗದಲ್ಲೇ ತಿಕ್ಕುತ್ತಿದ್ದರು. ಪುಸ್ತಕದ ಪ್ರಕಾರ ಅದು ತಪ್ಪು. ಇರಲಿ ಬಿಡಿ.

ಸುತ್ತಿಗೆಯ ಮುಖ ಒಂದು ಅಂಚಿನಲ್ಲಿ ಜಾಸ್ತಿ ಸವೆದಿರುತ್ತದೆ. ಅದೇ ಅವರ ಏಟಿನ ಓರೆ. ಕಾವಿನ, ಅಂದರೆ ಸುತ್ತಿಗೆಯ ಮರದ ಹಿಡಿಕೆಯ ಮೇಲೆ ಕಪ್ಪಾದ ಜಾಗ ಎಲ್ಲಿದೆ ನೋಡಿ. ತುದಿಯಲ್ಲಿದ್ದರೆ ಜೋರಾಗಿ ಬೀಸಿ ಹೊಡೆಯುತ್ತಿದ್ದರು. ತಲೆಯ ಹತ್ತಿರ ಇದ್ದರೆ ಸಣ್ಣ ಮೊಳೆ, ನಾಜೂಕು ಕೆಲಸ. ಸುಮ್ನೆ ಅಲ್ಲಿ ನಿಮ್ಮ ಕೈ ಇಟ್ಟು ನೋಡಿ. ನನ್ನ ಹೆಬ್ಬೆರಳು ಅಪ್ಪನ ತಗ್ಗಿನಲ್ಲಿ ಸರಿಯಾಗಿ ಕೂರುವುದಿಲ್ಲ, ಒಂದು ಬೆರಳಷ್ಟು ಹಿಂದೆ ಬೀಳುತ್ತದೆ.

ಸ್ಪ್ಯಾನರ್ ಸೆಟ್ಟಿನಲ್ಲಿ ಯಾವುದರ ಬಾಯಿ ಸವೆದು ಅಗಲವಾಗಿದೆ? ಸಾಮಾನ್ಯವಾಗಿ 10 ಮಿ.ಮೀ. ಸ್ಪ್ಯಾನರ್ 6 ಮಿ.ಮೀ. ಬೋಲ್ಟಿಗೆ, 13ರದ್ದು 8 ಮಿ.ಮೀ. ಬೋಲ್ಟಿಗೆ ಹೊಂದುತ್ತದೆ. ಯಾವ ಗಾತ್ರದ್ದು ಸವೆದಿದೆ ಅನ್ನುವುದರಿಂದ ಅವರು ಯಾವ ಯಂತ್ರದ ಜೊತೆ ಜಾಸ್ತಿ ಹೊತ್ತು ಕಳೆದರು ಅಂತ ಊಹಿಸಬಹುದು. ಮೇಲೆ ಬರೆದ ಅಳತೆಗೂ ಬಾಯಿಯ ಅಳತೆಗೂ ತಾಳೆಯೇ ಆಗದ ಸ್ಪ್ಯಾನರ್ ಸಿಕ್ಕರೆ, ಅದರ ಮೇಲೆ ಡಬ್ಲ್ಯು ಅಕ್ಷರ ಇದೆಯಾ ನೋಡಿ. ಅದು ವಿಟ್ವರ್ತ್ ಅಳತೆಯದು. ಜೋಸೆಫ್ ವಿಟ್ವರ್ತ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1841ರಲ್ಲಿ ಸೂಚಿಸಿದ ಬೋಲ್ಟ್ ಅಳತೆ ಅದು. ಅದರಲ್ಲಿ ಬರೆದಿರುವ ಸಂಖ್ಯೆ ಬೋಲ್ಟಿನ ದಪ್ಪ, ಸ್ಪ್ಯಾನರ್ ಬಾಯಿಯದಲ್ಲ. ಹಳೇ ಯಂತ್ರಗಳ ಮೇಲೆ ಕೆಲಸ ಮಾಡಿದವರ ಪೆಟ್ಟಿಗೆಯಲ್ಲಿ ಇವು ಸಿಗುತ್ತವೆ.

ಉಳಿ ಅಥವಾ ಗರಗಸದ ಮೇಲೆ "ಕಾಸ್ಟ್ ಸ್ಟೀಲ್" ಅಂತ ಇಂಗ್ಲಿಷಿನಲ್ಲಿ ಒತ್ತಿದ್ದರೆ ಸ್ವಲ್ಪ ನಿಲ್ಲಿ. ಎರಕದ ಕಬ್ಬಿಣ ಅಂದುಕೊಂಡು ಕೀಳಾಗಿ ಕಾಣಬೇಡಿ. ಮೂಸೆಯಲ್ಲಿ ಕರಗಿಸಿ ಮಾಡಿದ ಒಳ್ಳೆಯ ಉಕ್ಕಿಗೆ ಆ ಹೆಸರು. 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಬೆಂಜಮಿನ್ ಹಂಟ್ಸ್‌ಮನ್ ಈ ವಿಧಾನ ಬೆಳೆಸಿದ. ಇಪ್ಪತ್ತನೇ ಶತಮಾನ ಸಾಗುತ್ತಾ ಬೇರೆ ವಿಧಾನಗಳು ಅದರ ಜಾಗ ಹಿಡಿದವು. ಅಂದರೆ ಆ ಉಳಿ ಅಪ್ಪನ ಕೈಗೆ ಬರುವ ಮೊದಲೇ ಇನ್ನೊಬ್ಬರ ಕೈಯಲ್ಲಿ ದುಡಿದಿರಬಹುದು. ಅವರಪ್ಪನದೋ, ಗುರುವಿನದೋ, ಯಾರದೋ.

ಹಿಡಿಯ ಮೇಲೆ ಕೆಂಪು ಅಥವಾ ಹಸಿರು ಬಣ್ಣದ ಪಟ್ಟಿ ಬಳಿದಿದ್ದರೆ ಅದು ಅಲಂಕಾರ ಅಲ್ಲ. ಹತ್ತು ಜನ ಸೇರಿ ಕೆಲಸ ಮಾಡುವ ಕಡೆ ಹತ್ಯಾರು ಅದಲುಬದಲಾಗದಿರಲಿ ಅಂತ ಹಾಕಿಕೊಂಡ ಗುರುತು. ಆ ಬಣ್ಣ ಕೆರೆಯಬೇಡಿ.

ಇನ್ನೊಂದು. ಅಳತೆ ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತಿದೆ ಅಂತ ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವರನ್ನು ನೋಡಿದ್ದೇನೆ. ಅದು ಅಲ್ಲಾಡಲೇಬೇಕು. ಕೊಕ್ಕೆಯ ದಪ್ಪ ಎಷ್ಟಿದೆಯೋ ಅಷ್ಟು ಮಾತ್ರ ಜರುಗುವಂತೆ ಮಾಡಿರುತ್ತಾರೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಮುಂದೆ ಬರುತ್ತದೆ, ಗೋಡೆಗೆ ಒತ್ತಿದಾಗ ಹಿಂದೆ ಹೋಗುತ್ತದೆ. ಎರಡೂ ಸಲ ಅಳತೆ ಸರಿ ಬರುತ್ತದೆ.

ಬರೆದಿಡುವುದು ಮತ್ತು ಕೇಳುವುದು

ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಪ್ರತಿ ಹತ್ಯಾರಿಗೆ ಒಂದು ನಂಬರು, ಎರಡು ಮೂರು ಸಾಲು. ಅದೇ ನಂಬರಿನ ಚೀಟಿಯನ್ನು ದಾರದಿಂದ ಹತ್ಯಾರಿಗೆ ಕಟ್ಟಿ. ಅಂಟು ಬೇಡ, ಹಿಡಿಯ ಮೇಲ್ಮೈ ಹಾಳಾಗುತ್ತದೆ. ನನ್ನ ಪುಸ್ತಕದಲ್ಲಿ ಹೀಗಿದೆ: "7. ಇಕ್ಕಳ. ಎಡ ಹಿಡಿಯ ರಬ್ಬರ್ ಹೋಗಿದೆ, ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದಾರೆ. ಮೇಲಿನ ಪದರದಲ್ಲಿತ್ತು. ಅಮ್ಮನ ಪ್ರಕಾರ ಮದುವೆಗೂ ಮೊದಲಿನದು."

ಆಮೇಲೆ ಜನರನ್ನು ಕೇಳಿ. ಅಮ್ಮ, ಚಿಕ್ಕಪ್ಪ, ಅಪ್ಪನ ಜೊತೆ ಕೆಲಸ ಮಾಡಿದವರು, ಅವರಿಂದ ಆಗಾಗ ಹತ್ಯಾರು ಕಡ ತೆಗೆದುಕೊಳ್ಳುತ್ತಿದ್ದ ಪಕ್ಕದ ಮನೆಯವರು. ಆದರೆ "ಅಪ್ಪನ ಬಗ್ಗೆ ಏನಾದರೂ ಹೇಳಿ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ "ತುಂಬಾ ಒಳ್ಳೆಯ ಮನುಷ್ಯ" ಅಂತ ಹೇಳಿ ಮುಗಿಸುತ್ತಾರೆ. ಹತ್ಯಾರನ್ನು ಅವರ ಕೈಗೆ ಕೊಡಿ. ಕೈಯಲ್ಲಿ ತೂಕ ಬಿದ್ದಾಗ ಬಾಯಿ ತಾನಾಗಿ ತೆರೆಯುತ್ತದೆ. ಆಮೇಲೆ ಸಣ್ಣ ಸಣ್ಣ ಪ್ರಶ್ನೆ ಕೇಳಿ:

ಯಾರು ಕೇಳಿದರೂ ಕೊಡದೆ ಇದ್ದ ಹತ್ಯಾರು ಯಾವುದು?
ಕಳೆದುಹೋದಾಗ ಮನೆಯೆಲ್ಲ ಹುಡುಕಿಸಿದ್ದು ಯಾವುದನ್ನು?
ಇದರಿಂದ ಪೆಟ್ಟು ಮಾಡಿಕೊಂಡಿದ್ದರಾ?
ಇದನ್ನು ಹಿಡಿಯಲು ಅವರಿಗೆ ಕಲಿಸಿದ್ದು ಯಾರು?

ಅನುಮತಿ ಕೇಳಿ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ. ರೆಕಾರ್ಡಿಂಗ್ ಶುರುವಿನಲ್ಲಿ ಹತ್ಯಾರಿನ ನಂಬರು ಹೇಳಿಬಿಡಿ. ಐದು ವರ್ಷದ ಮೇಲೆ ಯಾವ ಮಾತು ಯಾವುದರ ಬಗ್ಗೆ ಅಂತ ಹುಡುಕುವ ಕಷ್ಟ ತಪ್ಪುತ್ತದೆ. ಈ ಕೆಲಸ ಮಾತ್ರ ಮುಂದೂಡಬೇಡಿ. ಹತ್ಯಾರು ಹತ್ತು ವರ್ಷ ಕಾಯುತ್ತದೆ, ಅದರ ಕಥೆ ಗೊತ್ತಿರುವವರು ಅಷ್ಟು ವರ್ಷ ಇರುತ್ತಾರೋ ಇಲ್ಲವೋ.

ಅಪಾಯದ ಸಾಮಾನು ಬೇರೆ ಮಾಡಿ

ನೆನಪಿನ ಭರದಲ್ಲಿ ಇದನ್ನು ಮರೆಯುತ್ತೇವೆ. ಹಳೇ ಡ್ರಿಲ್, ಗ್ರೈಂಡರ್ ಸಿಕ್ಕರೆ "ಇನ್ನೂ ಓಡುತ್ತಾ ನೋಡೋಣ" ಅಂತ ಪ್ಲಗ್ ಹಾಕಬೇಡಿ. ವೈರಿನ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಹೊರಮೈ ಲೋಹದ್ದಾಗಿದ್ದು ಅರ್ಥಿಂಗ್ ಕಡಿದುಹೋಗಿದ್ದರೆ ಇಡೀ ಮೈಗೆ ಕರೆಂಟ್ ಬರಬಹುದು. ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸುತ್ತಿಗೆಯ ಏಟು ತಿಂದು ತಿಂದು ಲೋಹದ ಉಳಿಯ ತಲೆ ಅಣಬೆಯ ಹಾಗೆ ಹರಡಿಕೊಂಡಿರುತ್ತದೆ. ನೋಡಲು ಚಂದ, ಆದರೆ ಮುಂದಿನ ಏಟಿಗೆ ಅದರ ಚೂರು ಸಿಡಿದು ಕಣ್ಣಿಗೆ ಬಡಿಯಬಹುದು. ಇದೊಂದು ಸವೆತವನ್ನು ಮಾತ್ರ ಫೋಟೋ ತೆಗೆದುಕೊಂಡು ಉಜ್ಜಿ ತೆಗೆಯಿರಿ. ಇಲ್ಲವೇ ಆ ಉಳಿಯನ್ನು ಬಳಸದೆ ಹಾಗೇ ಇಟ್ಟುಬಿಡಿ. ಎರಡು ಸುತ್ತಿಗೆಯ ಮುಖಗಳನ್ನು ಒಂದಕ್ಕೊಂದು ಬಡಿಯುವುದೂ ಬೇಡ, ಅವೂ ಸಿಡಿಯುತ್ತವೆ.

ಹೆಸರಿಲ್ಲದ ಬಾಟಲಿಗಳನ್ನು ಮೂಸಿ ನೋಡಬೇಡಿ, ಚರಂಡಿಗೆ ಸುರಿಯಬೇಡಿ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಕೊಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಬಣ್ಣ ಬಳಿದ ಹಳೇ ಪೆಟ್ಟಿಗೆಯನ್ನು ಒಣಗಿದ್ದಾಗಲೇ ಉಪ್ಪುಕಾಗದದಿಂದ ಉಜ್ಜಬೇಡಿ.

ತುಕ್ಕು ತೆಗೆಯುವುದು

ಕೆಂಪು ತುಕ್ಕು ಪುಡಿಪುಡಿಯಾಗಿರುತ್ತದೆ. ತೇವ ಹಿಡಿದಿಟ್ಟುಕೊಂಡು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಅದನ್ನು ತೆಗೆಯಬೇಕು. ಆದರೆ ಹಳೇ ಉಕ್ಕಿನ ಮೇಲೆ ಗಟ್ಟಿಯಾಗಿ ಕೂತ ಕಪ್ಪು, ಬೂದು ಬಣ್ಣದ ಪದರ ಬೇರೆಯೇ. ಅದು ಕಬ್ಬಿಣವನ್ನು ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ಅದನ್ನು ಬಿಡಿ. ಕನ್ನಡಿಯ ಹಾಗೆ ಹೊಳೆಯಬೇಕು ಅಂತ ಹೊರಟರೆ ಕೊನೆಗೆ ಅಂಗಡಿಯಲ್ಲಿ ಸಿಗುವಂಥದ್ದೇ ಒಂದು ಸುತ್ತಿಗೆ ಕೈಯಲ್ಲಿರುತ್ತದೆ.

ಎಲ್ಲಕ್ಕಿಂತ ಮೃದು ವಿಧಾನದಿಂದ ಶುರುಮಾಡಿ. ಮೆಷಿನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನಯವಾದ ಸ್ಟೀಲ್ ವುಲ್ ಅಥವಾ ಪಾತ್ರೆ ತಿಕ್ಕುವ ಸ್ಕ್ರಬ್ಬರ್‌ನಿಂದ ಉಜ್ಜಿ. ಮುಕ್ಕಾಲು ಪಾಲು ಹತ್ಯಾರಿಗೆ ಇಷ್ಟೇ ಸಾಕು.

ಇದಕ್ಕೆ ಬಗ್ಗದಿದ್ದರೆ ಬಿಳಿ ವಿನೆಗರ್. ಮನೆಯಲ್ಲಿ ಬಳಸುವ ವಿನೆಗರ್‌ನಲ್ಲಿ ಸುಮಾರು 5 ಶೇಕಡಾ ಅಸಿಟಿಕ್ ಆಮ್ಲ ಇರುತ್ತದೆ. ಅದರ ಬದಲು ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲದ ಪುಡಿ ಕರಗಿಸಿಯೂ ಬಳಸಬಹುದು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಪ್ಲಾಸ್ಟಿಕ್ ಡಬ್ಬದಲ್ಲಿ ಲೋಹದ ಭಾಗ ಮಾತ್ರ ಮುಳುಗಲಿ, ಮರದ ಹಿಡಿ ಹೊರಗಿರಲಿ. ಗಂಟೆಗೊಮ್ಮೆ ತೆಗೆದು ಬ್ರಶ್ ಆಡಿಸಿ ನೋಡಿ. ದಿನಗಟ್ಟಲೆ ಬಿಟ್ಟರೆ ಆಮ್ಲ ತುಕ್ಕು ಮುಗಿಸಿ ಉಕ್ಕನ್ನೇ ತಿನ್ನತೊಡಗುತ್ತದೆ. ಆಮ್ಲ ಆ ಒಳ್ಳೆಯ ಕಪ್ಪು ಪದರವನ್ನೂ ಬಿಡುವುದಿಲ್ಲ, ಅದಕ್ಕೇ ಇದು ಎರಡನೆಯ ದಾರಿ. ಕ್ರೋಮಿಯಂ ಲೇಪ ಇರುವುದನ್ನು ಹಾಕಬೇಡಿ. ವಿನೆಗರ್ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ವಿಷದ ಅನಿಲ ಬರುತ್ತದೆ.

ಹೊರತೆಗೆದ ಮೇಲಿನ ಹತ್ತು ನಿಮಿಷ ಮುಖ್ಯ. ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ ಆಮ್ಲವನ್ನು ತಣಿಸಿ. ಮತ್ತೆ ತೊಳೆದು ತಕ್ಷಣ ಒರೆಸಿ, ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ, ಬಿಸಿ ಆರುವ ಮೊದಲೇ ಎಣ್ಣೆ ಹಚ್ಚಿ. "ಆಮೇಲೆ ಹಚ್ಚೋಣ" ಅಂತ ಚಹಾ ಕುಡಿಯಲು ಹೋದರೆ ವಾಪಸ್ ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಕೂತಿರುತ್ತದೆ. ನನಗೆ ಮೂರು ಸಲ ಆಗಿದೆ.

ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ ಬಳಸಿ ವಿದ್ಯುತ್ತಿನಿಂದ ತುಕ್ಕು ತೆಗೆಯುವ ವಿಧಾನವೂ ಇದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಉರಿಯುವ ಹೈಡ್ರೋಜನ್ ಅನಿಲ ಬರುತ್ತದೆ. ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ವಿಷಕಾರಿ ಕ್ರೋಮಿಯಂ ಸಂಯುಕ್ತ ನೀರಿಗೆ ಸೇರುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ.

ಹಿಡಿ ಮತ್ತು ಕಾವು

ಮರದ ಹಿಡಿಯ ಮೇಲೆ ಉಪ್ಪುಕಾಗದ ಬೇಡ. ಆ ಕಪ್ಪು ಹೊಳಪು ವರ್ಷಗಳ ಬೆವರು, ಎಣ್ಣೆ, ಅಂಗೈ ಸೇರಿ ಆದದ್ದು. ಎರಡು ನಿಮಿಷ ಉಜ್ಜಿದರೆ ಹೋಯಿತು, ಮತ್ತೆ ಬರಿಸಲು ಇನ್ನೊಂದು ಜೀವಮಾನ ಬೇಕು. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಎಚ್ಚರ. ಈ ಎಣ್ಣೆ ಗಾಳಿ ಸೋಕಿ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗಡೆ ಬಿಡಿಸಿ ಹರಡಿ ಒಣಗಿಸಿ. ಇಲ್ಲವೇ ಲೋಹದ ಡಬ್ಬದಲ್ಲಿ ನೀರು ಹಾಕಿ ಮುಳುಗಿಸಿ ಮುಚ್ಚಳ ಮುಚ್ಚಿ.

ಸುತ್ತಿಗೆಯ ತಲೆ ಸಡಿಲವಾಗಿದ್ದರೆ ನೀರಿನಲ್ಲಿ ನೆನೆಸುವುದು ಹಳೇ ಉಪಾಯ. ಆಗ ಬಿಗಿಯಾಗುತ್ತದೆ ನಿಜ. ಆದರೆ ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಸಡಿಲ, ಯಾಕೆಂದರೆ ಉಬ್ಬಿದಾಗ ಮರದ ನಾರು ಕಬ್ಬಿಣಕ್ಕೆ ಒತ್ತಿ ನಜ್ಜಾಗಿರುತ್ತದೆ. ಹೊಸ ಬೆಣೆ ಹೊಡೆಯಿರಿ. ಕಾವೇ ಬಿರುಕು ಬಿಟ್ಟಿದ್ದರೆ ಹೊಸ ಕಾವು ಹಾಕಬೇಕು. ನಾರು ಉದ್ದಕ್ಕೂ ನೇರವಾಗಿ ಓಡಿರುವ, ಗಂಟಿಲ್ಲದ ಮರ ಆರಿಸಿ. ಹಳೇ ಕಾವನ್ನು ಒಲೆಗೆ ಹಾಕಬೇಡಿ. ಅಪ್ಪನ ಹೆಬ್ಬೆರಳು ಇರುವುದು ಅದರಲ್ಲಿ, ಕಬ್ಬಿಣದ ತಲೆಯಲ್ಲಿ ಅಲ್ಲ. ನಾನಾಗಿದ್ದರೆ ತಲೆಯನ್ನು ಕೆಲಸಕ್ಕೆ ಇಟ್ಟುಕೊಂಡು ಕಾವನ್ನು ಗೋಡೆಗೆ ಹಾಕುತ್ತೇನೆ.

ಸಾಣೆ: ಅಪ್ಪನ ಕೋನದಲ್ಲೇ

ಮರಗೆಲಸದ ಉಳಿಯನ್ನು ಸಾಮಾನ್ಯವಾಗಿ 25 ಡಿಗ್ರಿ ಓರೆಗೆ ಉಜ್ಜಿ, ತುದಿಯನ್ನು ಮಾತ್ರ 30ಕ್ಕೆ ಮಾಡುತ್ತಾರೆ. ಆದರೆ ತಮ್ಮದೇ ಕೋನ ಇಟ್ಟುಕೊಂಡವರು ಬೇಕಾದಷ್ಟು ಜನ. ಅದನ್ನು ಹಿಡಿಯಲು ಸುಲಭ ದಾರಿ ಇದೆ. ಓರೆಯ ಭಾಗಕ್ಕೆಲ್ಲ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಸಾಣೆಕಲ್ಲಿನ ಮೇಲೆ ಒಂದು ಸಲ ಮಾತ್ರ ಮೆಲ್ಲಗೆ ಎಳೆದು ತಿರುಗಿಸಿ ನೋಡಿ. ತುದಿಯಲ್ಲಿ ಮಾತ್ರ ಬಣ್ಣ ಹೋಗಿದ್ದರೆ ನಿಮ್ಮ ಕೈ ಎತ್ತರವಾಯಿತು. ಹಿಂಭಾಗದಲ್ಲಿ ಹೋಗಿದ್ದರೆ ತಗ್ಗಾಯಿತು. ಬಣ್ಣ ಎಲ್ಲ ಕಡೆ ಒಂದೇ ಸಮ ಹೋದಾಗ ನಿಮ್ಮ ಮಣಿಕಟ್ಟು ಅಪ್ಪನ ಮಣಿಕಟ್ಟು ಇದ್ದ ಕೋನದಲ್ಲೇ ಇದೆ. ನನಗೆ ಅರ್ಧ ದಿನ ಹಿಡಿಯಿತು. ಕೋನಕ್ಕಿಂತ ಜಾಸ್ತಿ ಆ ಅರ್ಧ ದಿನವೇ ನೆನಪಿದೆ.

ಮೆಷಿನ್ ಗ್ರೈಂಡರ್‌ಗೆ ಹಿಡಿಯುವುದಾದರೆ ಆಗಾಗ ನೀರಿಗೆ ಅದ್ದುತ್ತಿರಿ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ ಅಂತ ಲೆಕ್ಕ. ಸಾದಾ ಕಾರ್ಬನ್ ಉಕ್ಕಿನ ಹದ ಅಲ್ಲಿಗೆ ಹೋಯಿತು. ಆ ಭಾಗ ಮೆತ್ತಗಾಗಿ ಅಂಚು ನಿಲ್ಲುವುದಿಲ್ಲ.

ಹಂಚುವುದು, ಇಡುವುದು

ಅಣ್ಣತಮ್ಮ ಅಕ್ಕತಂಗಿಯರಿದ್ದರೆ ಬೆಲೆ ಕಟ್ಟಿ ಹಂಚಬೇಡಿ, ಜಗಳ ಗ್ಯಾರಂಟಿ. ಬದಲಿಗೆ ಒಬ್ಬೊಬ್ಬರು ಎರಡೆರಡು ಆರಿಸಲಿ. ಒಂದು ಬಳಸಲು, ಒಂದು ಇಟ್ಟುಕೊಳ್ಳಲು. ಯಾಕೆ ಆರಿಸಿದಿರಿ ಅಂತ ನೋಟ್‌ಪುಸ್ತಕದಲ್ಲಿ ಬರೆಯಲಿ. ಹೆಣ್ಣುಮಕ್ಕಳನ್ನು "ನಿನಗ್ಯಾಕೆ ಇದು" ಅಂತ ಬಿಟ್ಟುಬಿಡುವವರಿದ್ದಾರೆ. ಚಿಕ್ಕಂದಿನಲ್ಲಿ ಅಪ್ಪನಿಗೆ ಟಾರ್ಚ್ ಹಿಡಿದು ನಿಂತಿದ್ದು ಯಾರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಉಳಿದದ್ದನ್ನು ಕೆಲಸ ಮಾಡುವವರಿಗೆ, ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಕೊಡಿ. ಎಲ್ಲವನ್ನೂ ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ನಲವತ್ತು ಸ್ಪ್ಯಾನರ್ ಅಟ್ಟದ ಮೇಲೆ ತುಕ್ಕು ಹಿಡಿಯುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಅಪ್ಪನ ಜೊತೆ ಎಲ್ಲರದೂ ಚೆನ್ನಾಗಿರುತ್ತದೆ ಅಂತ ನಾನು ಅಂದುಕೊಂಡಿಲ್ಲ. ಪೆಟ್ಟಿಗೆ ನೋಡಿದರೆ ಸಿಟ್ಟೇ ಬರುತ್ತದೆ ಅನ್ನುವವರೂ ಇದ್ದಾರೆ. ಹಾಗಿದ್ದರೆ ಫೋಟೋ ತೆಗೆದು, ಎಣ್ಣೆ ಹಚ್ಚಿ, ಮುಚ್ಚಿಡಿ. ಈಗಲೇ ಏನೂ ತೀರ್ಮಾನ ಮಾಡಬೇಕಿಲ್ಲ.

ಇಡುವಾಗ ತೆಳ್ಳಗೆ ಎಣ್ಣೆ ಹಚ್ಚಿ ಒಣ ಜಾಗದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗೆ ಸಿಕ್ಕಿಕೊಂಡ ತೇವ ಹೊರಬರುವುದಿಲ್ಲ. ಚರ್ಮದ ಚೀಲದಲ್ಲೂ ಬಹಳ ದಿನ ಬೇಡ, ಚರ್ಮ ತೇವ ಹೀರಿಕೊಂಡು ಉಕ್ಕಿಗೆ ದಾಟಿಸುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ. ಆರು ತಿಂಗಳಿಗೊಮ್ಮೆ ತೆಗೆದು ನೋಡಿ.

ಮೊಳೆ, ಸ್ಕ್ರೂ ತುಂಬಿದ ಡಬ್ಬಗಳಲ್ಲಿ ಒಂದನ್ನಾದರೂ ಹಾಗೇ ಉಳಿಸಿಕೊಳ್ಳಿ, ವಿಂಗಡಿಸದೆ.

ಒಂದು ಸಣ್ಣ ಕೆಲಸ

ಕೊನೆಗೆ ಆ ಹತ್ಯಾರಿನಿಂದ ಏನಾದರೂ ಮಾಡಿ. ದೊಡ್ಡದೇನೂ ಬೇಡ. ಕುರ್ಚಿಯ ಅಲ್ಲಾಡುವ ಕಾಲು, ಬಾಗಿಲಿನ ಸಡಿಲ ಸ್ಕ್ರೂ. ಅಪ್ಪ ಅರ್ಧಕ್ಕೆ ಬಿಟ್ಟ ಕೆಲಸ ಇದ್ದರೆ ಮುಗಿಸಬಹುದು. ಎರಡಿದ್ದರೆ ಒಂದನ್ನು ಬಿಡಿ ಅಂತ ನನ್ನ ಸಲಹೆ. ಅಳತೆಯ ಹತ್ಯಾರನ್ನು ಮಾತ್ರ ಬಳಸುವ ಮೊದಲು ಪರೀಕ್ಷಿಸಿ. ಮೂಲೆ ನೇರವಾಗಿದೆಯಾ ಅಂತ ನೋಡುವ ಮೂಲೆಮಟ್ಟವನ್ನು ಹಲಗೆಯ ನೇರ ಅಂಚಿಗೆ ಒತ್ತಿ ಒಂದು ಗೆರೆ ಎಳೆಯಿರಿ. ಅದನ್ನು ಮಗುಚಿ ಹಾಕಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ ಇದೆ. ನಡುವೆ ಸಂದು ಬಂದರೆ, ಆ ಸಂದಿನ ಅರ್ಧದಷ್ಟು ತಪ್ಪು.

ರಸಮಟ್ಟಕ್ಕೂ ಅದೇ ಉಪಾಯ. ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿದೆ ಅಂತ ಗುರುತು ಮಾಡಿ. ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ಇಡಿ. ನೀವು ನಿಂತ ಕಡೆಯಿಂದ ಗುಳ್ಳೆ ಮೊದಲಿದ್ದ ಬದಿಯಲ್ಲೇ, ಅಷ್ಟೇ ದೂರದಲ್ಲಿ ನಿಂತರೆ ಮೇಜು ಓರೆ, ರಸಮಟ್ಟ ಸರಿ. ಗುಳ್ಳೆ ಜಾಗ ಬದಲಿಸಿದರೆ ತಪ್ಪು ರಸಮಟ್ಟದ್ದು. ಆಗ ಅದರ ಒಂದು ತುದಿಯ ಅಡಿಗೆ ಇನ್ಸುಲೇಷನ್ ಟೇಪ್ ಒಂದು ಪದರ ಅಂಟಿಸಿ, ಮತ್ತೆ ಎರಡೂ ಕಡೆ ಇಟ್ಟು ನೋಡಿ. ತಪ್ಪು ಜಾಸ್ತಿಯಾದರೆ ಇನ್ನೊಂದು ತುದಿಗೆ. ಹೀಗೆ ಒಂದೊಂದೇ ಪದರ. ನಾನು ನಾಲ್ಕು ಅಂಟಿಸಿದಾಗ ಇನ್ನೂ ಸ್ವಲ್ಪ ಕಮ್ಮಿ ಇತ್ತು, ಐದಕ್ಕೆ ಸರಿಯಾಯಿತು. ಅಪ್ಪ ಎಷ್ಟು ಹಾಕಿದ್ದರೋ, ಕೀಳುವಾಗ ನಾನು ಎಣಿಸಿರಲಿಲ್ಲ.